ಹಲಸಿನ ಹಲಗೆಗೆ ಮದುವೆಯ ಗಡಿಬಿಡಿ ಬೇಡ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಬರುವ ಫಾಲ್ಗುಣದಲ್ಲಿ ಮಗಳ ಮದುವೆ. ಅವಳೂ ಹುಡುಗನೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಮೂರನೇ ಮಹಡಿಯಲ್ಲಿ ಬಾಡಿಗೆ ಫ್ಲ್ಯಾಟ್ ನೋಡಿಟ್ಟಿದ್ದಾರೆ. ಕಳೆದ ಆಷಾಢದ ಗಾಳಿಮಳೆಗೆ ನಮ್ಮ ಹಿತ್ತಲಿನ ಹಲಸಿನ ಮರ ಬುಡಸಮೇತ ಬಿತ್ತು. ನಮ್ಮ ಮಾವನವರು ನೆಟ್ಟ ಮರ. ನವರಾತ್ರಿ ಕಳೆದ ಮೇಲೆ ಮಿಲ್ಲಿಗೆ ಹಾಕಿ ಕೊಯ್ಸಿದೆವು, ಹದಿನಾಲ್ಕು ಘನ ಅಡಿ ಹಲಗೆ ಸಿಕ್ಕಿತು. ಸದ್ಯ ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಮಗಳಿಗೆ ಇದರಲ್ಲೇ ಮಂಚ ಮಾಡಿಸಿಕೊಡಬೇಕೆಂದು ಇವರ ಹಟ. ಆಚಾರ್ರೂ ಬಂದು ನೋಡಿ, ‘ಒಣಗಿದೆ, ಈ ತಿಂಗಳೇ ಶುರು ಮಾಡಬಹುದು’ ಅಂದರು. ಮಗಳು ಮಾತ್ರ, ‘ಅಮ್ಮಾ, ಅದು ಅಜ್ಜನ ಮನೆ ಮಂಚದ ಥರ ಕಪ್ಪಗಿರುತ್ತೆ, ನಮ್ಮ ಫ್ಲ್ಯಾಟಿಗೆ ಒಪ್ಪಲ್ಲ’ ಅನ್ನುತ್ತಾಳೆ. ಮೇಲಕ್ಕೆತ್ತಿದರೆ ಒಳಗೆ ಸಾಮಾನು ತುಂಬುವ ಹೈಡ್ರಾಲಿಕ್ ಮಂಚವೊಂದನ್ನು ಮೊಬೈಲಿನಲ್ಲಿ ಆರಿಸಿಟ್ಟಿದ್ದಾಳೆ. ನಮ್ಮ ಪೇಟೆಯ ಫರ್ನಿಚರ್ ಮೇಳದಲ್ಲಿ ‘ಅಸಲಿ ತೇಗ’ ಎಂದು ಕಡಿಮೆ ಬೆಲೆಗೆ ಮಂಚ ಕೊಡುತ್ತಿದ್ದಾರೆ, ಅದೇ ವಾಸಿಯೇನೋ ಅಂತ ನನಗೆ. ಬೀಗರು ಏನನ್ನೂ ಕೇಳಿಲ್ಲ. ಆದರೂ ಮಂಚ-ಬೀರು ಇಲ್ಲದೆ ಮಗಳನ್ನು ಕಳಿಸಿದರೆ ನಾಲ್ಕು ಜನ ಏನಂದಾರು? ಇವರ ಮನಸ್ಸೂ ನೋಯಬಾರದು, ಮಗಳ ಮುಖವೂ ಸಣ್ಣದಾಗಬಾರದು. ಏನು ಮಾಡಲಿ?
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಮ್ಮಾ, ಜಗಳ ಹತ್ತಿಸುತ್ತಿರುವುದು ಮರವಲ್ಲ, ಮದುವೆಯ ತಾರೀಕು. ಫಾಲ್ಗುಣದೊಳಗೆ ಮಂಚ ಆಗಲೇಬೇಕು ಎನ್ನುವುದನ್ನು ಬಿಟ್ಟುಬಿಡಿ. ಆಗ ನಿಮ್ಮ ಯಜಮಾನರ ಆಸೆಯೂ ನಡೆಯುತ್ತದೆ, ಮಗಳ ಅನುಕೂಲವೂ ಕೆಡುವುದಿಲ್ಲ.

ಮೊದಲು ಆಚಾರ್ರ ಮಾತು. ನವರಾತ್ರಿ ಕಳೆದು ಕೊಯ್ದ ಹಲಗೆ ಕಾರ್ತೀಕಕ್ಕೆ ಒಣಗುವುದಿಲ್ಲ. ಹಸಿ ಹಲಸಿನಲ್ಲಿ ಮರದ ಒಣತೂಕದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ನೀರಿರುತ್ತದೆ. ಮೇಲ್ಮೈ ಬೇಗ ಆರಿ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ನಡುವೆ ತೇವ ಹಾಗೇ ಉಳಿದಿರುತ್ತದೆ. ಇನ್ನೊಂದು ಮೋಸವಿದೆ. ತೇವ ಶೇಕಡ 30ರ ಸುಮಾರಿಗೆ ಇಳಿಯುವವರೆಗೆ ಮರ ಕುಗ್ಗುವುದೇ ಇಲ್ಲ, ಕುಗ್ಗುವುದು ಅಲ್ಲಿಂದ ಕೆಳಗೆ ಇಳಿಯುವಾಗ. ‘ತಿಂಗಳಾಯಿತು, ಹಲಗೆ ಎಲ್ಲೂ ಬಿರಿದಿಲ್ಲ, ಬಾಗಿಲ್ಲ’ ಎಂದು ಸಮಾಧಾನಪಟ್ಟುಕೊಂಡರೆ, ಅದರ ಆಟ ಇನ್ನೂ ಶುರುವಾಗಿಲ್ಲ ಎಂದಷ್ಟೇ ಅರ್ಥ. ಈಗ ಮಂಚ ಮಾಡಿ ಬೆಂಗಳೂರಿಗೆ ಕಳಿಸಿದಿರಿ ಅನ್ನಿ. ಅಲ್ಲಿನ ಮನೆಯೊಳಗೆ ಮರ ಶೇಕಡ 10–12ರ ಆಸುಪಾಸಿನ ತೇವಕ್ಕೆ ಬಂದು ನಿಲ್ಲುತ್ತದೆ. ಮಲೆನಾಡಿನ ಗಾಳಿಯಲ್ಲಿ ಬಿಗಿಯಾಗಿ ಕೂತಿದ್ದ ಜೋಡಣೆಗಳು ಮೊದಲ ಬೇಸಿಗೆಗೇ ಸಡಿಲವಾಗಿ, ಮಂಚ ಕಿರುಗುಟ್ಟಲು ಹತ್ತುತ್ತದೆ. ತಪ್ಪು ಹಲಸಿನದಲ್ಲದಿದ್ದರೂ ‘ಹಲಸು ಸರಿಯಿಲ್ಲ’ ಎಂಬ ಮಾತು ಅದರ ಮೇಲೆ ಬೀಳುತ್ತದೆ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಆ ಹಲಗೆಗಳನ್ನು ಗೋಡೆಯಿಂದ ಇಳಿಸಿ. ಒರಗಿಸಿಟ್ಟ ಹಸಿ ಹಲಗೆ ತನ್ನ ಭಾರಕ್ಕೇ ಬಾಗಿಕೊಂಡು ಹಾಗೇ ಒಣಗುತ್ತದೆ, ಆಮೇಲೆ ಆ ಬಾಗು ಹೋಗುವುದಿಲ್ಲ. ಕೊಟ್ಟಿಗೆಯ ತೇವವೂ ಒಳ್ಳೆಯದಲ್ಲ. ಮಳೆ-ಬಿಸಿಲು ತಾಗದ, ಗಾಳಿಯಾಡುವ ಜಾಗ ನೋಡಿ, ಕಟ್ಟಿಗೆಮನೆಯಾದರೂ ಸರಿ. ನೆಲದಿಂದ ಒಂದಡಿ ಎತ್ತರಕ್ಕೆ ಸಮಮಟ್ಟದ ತೊಲೆತುಂಡು ಇಟ್ಟು ಮೇಲೆ ಹಲಗೆ ಮಲಗಿಸಿ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಎರಡಡಿಗೊಂದರಂತೆ ಒಣಗಿದ ರೀಪು ಅಡ್ಡ ಇಡಿ. ಕೆಳಗಿನ ರೀಪಿನ ನೇರಕ್ಕೇ ಮೇಲಿನ ರೀಪು ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಅಲೆಯಾಗುತ್ತದೆ. ಮೇಲೆ ನಾಲ್ಕು ಜಂಬಿಟ್ಟಿಗೆ ಕಲ್ಲು ಹೇರಿಬಿಡಿ. ತೇವ ಹಲಗೆಯ ತುದಿಯಿಂದ ಅವಸರವಾಗಿ ಓಡುತ್ತದೆ, ಅದಕ್ಕೇ ತುದಿಯಲ್ಲಿ ಸೀಳು ಬೀಳುವುದು. ಮನೆಯಲ್ಲಿ ಉಳಿದ ಹಳೇ ಪೇಂಟ್ ಇದ್ದರೆ ಎರಡೂ ತುದಿಗೆ ದಪ್ಪಗೆ ಬಳಿಯಿರಿ.

ಒಣಗಿತೋ ಇಲ್ಲವೋ ತಿಳಿಯುವುದಕ್ಕೆ ಅಡಿಕೆ ತೂಗುವ ತಕ್ಕಡಿ ಸಾಕು. ರಾಶಿಯ ಮಧ್ಯದಿಂದ ಒಂದು ಹಲಗೆ ಆರಿಸಿ, ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಮೊದಲು ತೂಕ ಜೋರಾಗಿ ಇಳಿಯುತ್ತದೆ, ಬರಬರುತ್ತಾ ನಿಧಾನವಾಗುತ್ತದೆ. ಎರಡು ಮೂರು ಸಲ ತೂಗಿದಾಗಲೂ ಅಷ್ಟೇ ಬಂತು ಅಂದರೆ, ನಿಮ್ಮೂರಿನ ಗಾಳಿಗೆ ಅದು ಒಣಗುವಷ್ಟು ಒಣಗಿದೆ. ಸಾವಿರ-ಎರಡು ಸಾವಿರಕ್ಕೆ ತೇವ ಅಳೆಯುವ ಮೀಟರೂ ಸಿಗುತ್ತದೆ. ಆದರೆ ಮೊಳೆಯಂಥ ಅದರ ಎರಡು ಸೂಜಿಗಳು ಮೇಲ್ಮೈಯನ್ನೇ ಹೆಚ್ಚು ನೋಡುವುದರಿಂದ, ಹಲಗೆಯನ್ನು ಒಂದು ಕಡೆ ಕತ್ತರಿಸಿ ಹೊಸ ಮುಖಕ್ಕೆ ಚುಚ್ಚಿ ನೋಡಬೇಕು. ನಿಮ್ಮ ಯಜಮಾನರಿಗೂ ಆಚಾರ್ರಿಗೂ ನನ್ನ ಮಾತಿಗಿಂತ ಕ್ಯಾಲೆಂಡರಿನ ಮೇಲಿನ ತೂಕ ಬೇಗ ಒಪ್ಪಿಗೆಯಾಗುತ್ತದೆ.

ಒಂದೂವರೆ ಅಂಗುಲದ ಹಲಗೆಗೆ ಒಂದು ಪೂರ್ತಿ ಬೇಸಿಗೆ ಬೇಕೇ ಬೇಕು. ಮಾಘ, ಫಾಲ್ಗುಣ, ಚೈತ್ರದ ಒಣಗಾಳಿ ತಿಂದ ಮೇಲೆ ವೈಶಾಖದಲ್ಲಿ ಆಚಾರ್ರನ್ನು ಕರೆಯಿರಿ. ಮಳೆ ಹಿಡಿಯುವ ಮೊದಲು ಕೆಲಸ ಮುಗಿದು ಪಾಲಿಶ್ ಆಗಿ ಲಾರಿ ಹತ್ತಲಿ. ಅವಸರವೇ ಇದ್ದರೆ ಮರವನ್ನು ಕಾವಿನಲ್ಲಿ ಒಣಗಿಸುವ ಸೀಸನಿಂಗ್ ಚೇಂಬರ್ ಇರುವ ಮಿಲ್ಲಿಗೆ ಹಾಕಿಸಬಹುದು, ತಿಂಗಳುಗಳ ಕೆಲಸ ವಾರಗಳಲ್ಲಿ ಆಗುತ್ತದೆ. ಆದರೆ ನಿಮ್ಮ ಹದಿನಾಲ್ಕು ಘನ ಅಡಿಗೆ ಬೇರೆ ಚೇಂಬರ್ ಹೊತ್ತಿಸುವುದಿಲ್ಲ, ಯಾರದೋ ಬೇರೆ ಜಾತಿಯ ಮರದ ಜೊತೆ ಸೇರಿಸುತ್ತಾರೆ, ಎಲ್ಲ ಮರಕ್ಕೂ ಒಂದೇ ಕಾವು ಹೊಂದುವುದಿಲ್ಲ. ನಾನಾದರೆ ವೈಶಾಖದವರೆಗೆ ಕಾಯುತ್ತೇನೆ.

ಅಲ್ಲಿಯವರೆಗೆ ಹೊಸ ಜೋಡಿ ಎಲ್ಲಿ ಮಲಗಬೇಕು ಎಂದು ನೀವು ಕೇಳುತ್ತೀರಿ. ಒಳ್ಳೆಯ ಹಾಸಿಗೆಯನ್ನು ಈಗಲೇ ಕೊಡಿಸಿ, ಅದಕ್ಕೊಂದು ಸಾದಾ ಕಬ್ಬಿಣದ ಬಿಚ್ಚು-ಮಂಚ ಸಾಕು. ಮುಂದೆ ನೀವು ಬೆಂಗಳೂರಿಗೆ ಹೋದಾಗ ನಿಮಗೇ ಅದು ಬೇಕಾಗುತ್ತದೆ.

ಈಗ ಮಗಳ ವಿಷಯ. ಅವಳು ಹೇಳುವುದರಲ್ಲಿ ಅರ್ಧ ಸರಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ, ಕೋಣೆಯಿಲ್ಲ. ಕಂಬಳಿ, ಸೂಟ್‌ಕೇಸು, ನೀವು ಕಳಿಸುವ ಹಪ್ಪಳದ ಡಬ್ಬ, ಎಲ್ಲಕ್ಕೂ ಮಂಚದಡಿಯೇ ಗತಿ. ಆದರೆ ಅವಳು ಆರಿಸಿರುವ ಮಂಚದ ವಿವರದಲ್ಲಿ ‘ಎಂಜಿನಿಯರ್ಡ್ ವುಡ್’ ಎಂದಿದೆಯೇ ನೋಡಲು ಹೇಳಿ. ಹಾಗಿದ್ದರೆ ಅದು ಪ್ಲೈವುಡ್ ಇರಬಹುದು, ಎಂಡಿಎಫ್ ಇರಬಹುದು, ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡೂ ಇರಬಹುದು. ಮೂರಕ್ಕೂ ಅಜಗಜಾಂತರ. ‘ಟೀಕ್ ಫಿನಿಶ್’ ಎಂದಿದ್ದರೆ ತೇಗದ ಬಣ್ಣ ಎಂದರ್ಥ, ಒಳಗೆ ತೇಗ ಇರಬೇಕೆಂದೇನಿಲ್ಲ. ಪಾರ್ಟಿಕಲ್ ಬೋರ್ಡಿಗೆ ಒಮ್ಮೆ ಸ್ಕ್ರೂ ಹಾಕಿದರೆ ಹಿಡಿಯುತ್ತದೆ, ಬಿಚ್ಚಿ ಮತ್ತೆ ಹಾಕಿದರೆ ಪುಡಿ ಉದುರಿ ತೂತು ಸಡಿಲವಾಗುತ್ತದೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯವರಿಗೆ ಇದು ಸಣ್ಣ ಮಾತಲ್ಲ. ಎರಡು ಸಲ ಮನೆ ಬದಲಿಸುವಷ್ಟರಲ್ಲಿ ಆ ಮಂಚದ ಆಯುಸ್ಸು ಮುಗಿಯಬಹುದು. ಅದೇ ಹೈಡ್ರಾಲಿಕ್ ಮಂಚ ಒಳ್ಳೆಯ ಪ್ಲೈವುಡ್ಡಿನಲ್ಲಿ ಸಿಕ್ಕರೆ ನನ್ನ ತಕರಾರಿಲ್ಲ.

ನಿಮ್ಮ ಹಲಸಿನ ಮಂಚವೂ ಈ ಎರಡು ಪರೀಕ್ಷೆಯಲ್ಲಿ ಗೆಲ್ಲಬೇಕು: ಬಿಚ್ಚಿ ಜೋಡಿಸುವಂತಿರಬೇಕು, ಅಡಿಯಲ್ಲಿ ಸಾಮಾನು ಹಿಡಿಯಬೇಕು. ತಲೆಗಡೆಯ ಚೌಕಟ್ಟು ಒಂದು, ಕಾಲ್ಗಡೆಯದು ಒಂದು. ಅವೆರಡನ್ನೂ ಆಚಾರ್ರು ಉಳಿ ಹಿಡಿದು ಹಳೇ ಪದ್ಧತಿಯಲ್ಲೇ ಕೂಡಿಸಲಿ. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಕಾಲಿನಲ್ಲಿ ಅದೇ ಅಳತೆಯ ಚೌಕ ತೂತು ಕೊರೆದು, ಅಂಟು ಹಚ್ಚಿ ಬಿಗಿಯಾಗಿ ಕೂರಿಸುವುದು. ಬರೀ ಮೊಳೆ ಹೊಡೆದು ಮೇಲೆ ಪುಟ್ಟಿ ಮುಚ್ಚುವುದು ಬೇಡ. ಪಕ್ಕದ ಉದ್ದ ಪಟ್ಟಿಗಳೆರಡು ಮಾತ್ರ ಕಬ್ಬಿಣದ ಬೋಲ್ಟಿನಲ್ಲಿ ನಿಲ್ಲಲಿ, ಸ್ಪ್ಯಾನರ್ ಇದ್ದರೆ ಅಳಿಯನೇ ಅರ್ಧ ಗಂಟೆಯಲ್ಲಿ ಬಿಚ್ಚಬಹುದು. ಕೆಳಗೆ ಹನ್ನೆರಡು-ಹದಿನಾಲ್ಕು ಅಂಗುಲ ಖಾಲಿ ಬಿಟ್ಟರೆ ಚಕ್ರದ ಪೆಟ್ಟಿಗೆಗಳು ಸರಾಗ ಒಳಹೋಗುತ್ತವೆ. ತಲೆಗಡೆಯ ನವಿಲು, ಬಳ್ಳಿ, ಹೂವು ಬೇಡ. ನಿಮ್ಮ ಯಜಮಾನರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ಕೆತ್ತನೆಯ ಸಂದಿಯ ಧೂಳು ಒರೆಸುವವಳು ನಿಮ್ಮ ಮಗಳು.

ಲೆಕ್ಕ ನೀವೇ ಹಾಕಿ ನೋಡಬಹುದು. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಅಂಗುಲದಲ್ಲಿ ಹಿಡಿದು ಮೂರನ್ನೂ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. ಆರೂವರೆ ಅಡಿ ಉದ್ದ, ಆರಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಒಂದು ಪಕ್ಕದ ಪಟ್ಟಿಗೆ 0.4 ಘನ ಅಡಿ. ಹೀಗೆ ಕಾಲು, ಪಟ್ಟಿ, ಅಡ್ಡ ರೀಪು ಎಲ್ಲ ಸೇರಿಸಿದರೆ ಪೆಟ್ಟಿಗೆಯಿಲ್ಲದ ಸಾದಾ ಜೋಡಿ ಮಂಚಕ್ಕೆ ನಾಲ್ಕರಿಂದ ಐದು ಘನ ಅಡಿ, ಕೊಯ್ತದ ನಷ್ಟ ಹಿಡಿದರೆ ಆರು. ಹದಿನಾಲ್ಕರಲ್ಲಿ ಮಂಚ ಕಳೆದು ಊಟದ ಮೇಜಿಗೂ ಸಾಕಾಗುತ್ತದೆ. ಮೇಜು ಮಾಡಿಸಿದರೆ ಒಂದು ಎಚ್ಚರ ಬೇಕು. ಹಲಗೆ ಉದ್ದಕ್ಕೆ ಬಹುಪಾಲು ಕುಗ್ಗದು, ಕುಗ್ಗುವುದು-ಹಿಗ್ಗುವುದು ಅಗಲಕ್ಕೆ. ಮೇಲಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿ ಬಿಗಿದರೆ ಒಂದಲ್ಲ ಒಂದು ದಿನ ಸೀಳುತ್ತದೆ. ನಿಮ್ಮ ಮನೆಯ ಹಳೇ ಬಾಗಿಲನ್ನು ಹತ್ತಿರದಿಂದ ನೋಡಿ: ಚೌಕಟ್ಟಿನೊಳಗಿನ ಹಲಗೆಗೆ ಮೊಳೆಯಿಲ್ಲ, ಅಂಟಿಲ್ಲ, ಚೌಕಟ್ಟಿನಲ್ಲಿ ಕೊರೆದ ಗಾಡಿಯಲ್ಲಿ (ತೋಡಿನಲ್ಲಿ) ಸುಮ್ಮನೆ ಕೂತಿರುತ್ತದೆ. ಮಳೆಗಾಲದಲ್ಲಿ ಹಿಗ್ಗಲು, ಬೇಸಿಗೆಯಲ್ಲಿ ಕುಗ್ಗಲು ಬಿಟ್ಟ ಜಾಗ ಅದು. ಮೇಜಿಗೂ ಆಚಾರ್ರು ಸ್ಕ್ರೂ ತೂತನ್ನು ತುಸು ಉದ್ದವಾಗಿ ಕೊರೆದರೆ ಸಾಕು.

ಹಲಸಿನ ಮರಕ್ಕೆ ಮರ್ಯಾದೆ ಕಡಿಮೆ ಎಂದುಕೊಳ್ಳಬೇಡಿ. ಮೈಸೂರಿನಲ್ಲೂ ತಂಜಾವೂರಿನಲ್ಲೂ ವೀಣೆ ಮಾಡುವುದು ಇದರಲ್ಲೇ. ಇದರ ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಹೊರಸುತ್ತಿನ ಬೆಳ್ಳನೆಯ ಭಾಗ ಹಾಗಲ್ಲ. ಅದರಲ್ಲಿ ಪಿಷ್ಟ ಇರುತ್ತದೆ, ಕುಟ್ಟೆಹುಳಕ್ಕೆ ಬೇಕಾದ್ದು ಅದೇ. ಮಂಚದಡಿ ಮೈದಾದಂಥ ನುಣುಪಾದ ಪುಡಿ ಬೀಳತೊಡಗಿದರೆ ಅದರದೇ ಕೆಲಸ. ಬೆಳ್ಳಗಿನದನ್ನು ಕತ್ತರಿಸಿ ತೆಗೆಯಲು ಹೇಳಿ. ಒಂದೆರಡು ಕಡೆ ಉಳಿಸಲೇಬೇಕಾದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಪಾಲಿಶಿಗೆ ಮೊದಲು ಹಚ್ಚಿ ಒಣಗಿಸಲಿ. ನಿಮ್ಮ ಕಡೆ ಯಾರಾದರೂ ಗೇರೆಣ್ಣೆ ಬಳಿಯಿರಿ ಅಂದಾರು. ಮಾಡಿನ ಪಕಾಸಿಗೆ ಅದು ಸರಿ, ಮಲಗುವ ಮಂಚಕ್ಕೆ ಖಂಡಿತ ಬೇಡ, ಮೈ ಸುಡುತ್ತದೆ.

‘ಕಪ್ಪಗಿರುತ್ತೆ’ ಎಂಬ ಆಕ್ಷೇಪಕ್ಕೆ ವಾದ ಮಾಡಲು ಹೋಗಬೇಡಿ. ಹೊಸ ಹಲಸು ಅರಿಸಿನದ ಬಣ್ಣ. ಬೆಳಕು ಬಿದ್ದಂತೆ ಕಂದುಗೆಂಪಿಗೆ ತಿರುಗುತ್ತದೆ. ಅಜ್ಜನ ಮಂಚದ ಕಪ್ಪಿಗೆ ವಯಸ್ಸೊಂದೇ ಅಲ್ಲ, ಸುಣ್ಣಬಣ್ಣದ ಹಬ್ಬಕ್ಕೊಮ್ಮೆ ಬಳಿದ ವಾರ್ನಿಶಿನ ಪದರಗಳೂ ಕಾರಣ ಇರಬಹುದು. ಗೇಣುದ್ದದ ಒಂದು ತುಂಡನ್ನು ಕೀಸುಳಿ ಹಿಡಿಸಿ ನುಣುಪು ಮಾಡಿಸಿ. ಅರ್ಧಕ್ಕೆ ಬಣ್ಣವಿಲ್ಲದ ಮ್ಯಾಟ್ ಪಿಯು (ಪಾಲಿಯುರೆಥೇನ್) ಪಾಲಿಶ್, ಅರ್ಧಕ್ಕೆ ಏನೂ ಇಲ್ಲ. ಕೊರಿಯರಿನಲ್ಲಿ ಮಗಳಿಗೆ ಕಳಿಸಿ, ಮಂಚದ ನಕ್ಷೆ ಅವಳೇ ಬರೆದುಕೊಡಲಿ ಎಂದು ಹೇಳಿ. ಅಪ್ಪನ ಮರ, ಮಗಳ ನಕ್ಷೆ ಆದಾಗ ಇಬ್ಬರಿಗೂ ಸೋಲಿಲ್ಲ. ಇಷ್ಟಾದ ಮೇಲೂ ಅವಳು ಬೇಡ ಅಂದರೆ ಬಲವಂತ ಮಾಡಬೇಡಿ, ಆ ಮಂಚ ನಿಮ್ಮ ಮನೆಯಲ್ಲೇ ಇರಲಿ. ತವರಿಗೆ ಬಂದಾಗ ಅಳಿಯ-ಮಗಳಿಗೂ ಮಂಚ ಬೇಕಲ್ಲ.

ಮೇಳದ ‘ಅಸಲಿ ತೇಗ’ದ ಆಸೆ ಬಿಡಿ ಎಂದೇ ನನ್ನ ಸಲಹೆ. ತೇಗ ಒಳ್ಳೆಯ ಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾಂಡೇಲಿಯ ಹಳೇ ಮರದ ಚೇಗೂ ತೇಗವೇ, ತೋಟದ ಬೇಲಿಯಲ್ಲಿ ಬೆಳೆದು ಎಳೆಯದರಲ್ಲೇ ಕಡಿದ, ಮುಕ್ಕಾಲು ಭಾಗ ಬೆಳ್ಳಗಿರುವ ಮರವೂ ತೇಗವೇ. ಗಾಢ ಪಾಲಿಶ್ ಬಳಿದರೆ ಎರಡೂ ಒಂದೇ ಥರ. ಮೂರು ದಿನ ಇದ್ದು ಹೋಗುವ ಅಂಗಡಿಯವನನ್ನು ನಾಲ್ಕನೇ ದಿನ ಎಲ್ಲಿ ಹುಡುಕುತ್ತೀರಿ? ಹೋಗಿಯೇ ತೀರುತ್ತೇನೆ ಅಂದರೆ ಮೇಲ್ಭಾಗ ನೋಡಬೇಡಿ, ಮಗುಚಿ ಹಾಕಿಸಿ. ಪಾಲಿಶ್ ತಾಗದ ಅಡಿಭಾಗ, ಡ್ರಾಯರಿನ ಬೆನ್ನು, ಕಾಲಿನ ತಳ, ಅಲ್ಲಿ ಮರದ ನಿಜಬಣ್ಣ ಸಿಗುತ್ತದೆ. ಹಲಗೆಯ ಮೇಲೆ ಕಾಣುವ ಗೆರೆಗಳು ಅಂಚಿನಲ್ಲೂ ಮುಂದುವರಿದು ಇಳಿಯಬೇಕು. ಅಂಚಿಗೆ ಬಂದು ಕತ್ತರಿಸಿದಂತೆ ನಿಂತರೆ ಅದು ಮೇಲೆ ಅಂಟಿಸಿದ ತೆಳು ಹಾಳೆ. ತುದಿಯನ್ನು ಅಡ್ಡ ಕೊಯ್ದ ಕಡೆ ತೇಗದಲ್ಲಿ ವರ್ಷವರ್ಷದ ಉಂಗುರ, ಉಂಗುರದ ಉದ್ದಕ್ಕೂ ಸೂಜಿತೂತುಗಳ ಸಾಲು ಬರಿಗಣ್ಣಿಗೇ ಕಾಣುತ್ತವೆ. ಎತ್ತಿ ನೋಡಿ ‘ಭಾರ ಇದೆ, ಗಟ್ಟಿ ಮರ’ ಅನ್ನುವವರ ಮಾತು ಕೇಳಬೇಡಿ. ಒಣಗಿದ ತೇಗ ಘನ ಅಡಿಗೆ ಹದಿನೆಂಟು ಕಿಲೋ ಸುಮಾರು, ಎಂಡಿಎಫ್ ಅದಕ್ಕಿಂತಲೂ ಭಾರ.

ಬೀರುವಿಗೆ ಮರ ಹುಡುಕಿ ಸುಸ್ತಾಗಬೇಡಿ. ಅಗಲ ಬಾಗಿಲು, ಅಗಲ ಬೆನ್ನು ಇರುವಲ್ಲಿ ಪ್ಲೈವುಡ್ಡೇ ವಾಸಿ, ಹಿಗ್ಗದು ಕುಗ್ಗದು. ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ಗುರುತು ಹಲಗೆಯ ಮೇಲೆ ಅಚ್ಚಾಗಿದ್ದರೆ ಮಲಗುವ ಕೋಣೆಗೆ ಸಾಕು, ಐಎಸ್ 710ರ ಮೆರೈನ್ ಪ್ಲೈ ನೀರು ತಾಗುವ ಅಡುಗೆಮನೆಯ ಸಿಂಕಿನಡಿಗೆ. ಅಥವಾ ಕಬ್ಬಿಣದ ಬೀರು, ಬಾಡಿಗೆ ಮನೆಗೆ ಅದಕ್ಕಿಂತ ಬಾಳಿಕೆಯದು ಇಲ್ಲ. ಇವನ್ನು ಬೆಂಗಳೂರಿನಲ್ಲೇ ಮಗಳೂ ಅಳಿಯನೂ ಕೊಳ್ಳಲಿ. ಮರದ ವಸ್ತು ಏನೇ ಕೊಂಡರೂ ಬಿಲ್ಲಿನಲ್ಲಿ ಬರೀ ‘ಮಂಚ 1’ ಎಂದು ಬರೆಸಿಕೊಳ್ಳದೆ ಮರದ ಜಾತಿ, ಪೂರ್ತಿ ಮರವೋ ಪ್ಲೈಯೋ, ವಾರಂಟಿ ಎಷ್ಟು ಎಂಬುದನ್ನು ಬರೆಸಲಿ. ಅನುಮಾನ ಬಂದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು, ಶುಲ್ಕ ಕಟ್ಟಿ ಮರದ ಜಾತಿ ಗುರುತಿಸಿಕೊಳ್ಳಬಹುದು. ಬಿಲ್ಲಿನಲ್ಲಿ ಬರೆದದ್ದೇ ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿಯೂ ಇದೆ. ಬಿಲ್ಲೇ ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟ.

‘ನಾಲ್ಕು ಜನ ಏನಂದಾರು’ ಎಂದಿರಿ. ಬೀಗರು ಕೇಳಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಆ ನಾಲ್ಕು ಜನರಿಗೋಸ್ಕರ ಒದ್ದಾಡುವ ಅಗತ್ಯ ಎಲ್ಲಿಂದ ಬಂತು? ನಾಳೆ ಯಾರಾದರೂ ಬಾಯಿಬಿಟ್ಟು ಕೇಳಿದರೆ ಅದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿ ಅಪರಾಧ, ಆಗ ಮಾತು ಮಂಚದ್ದಲ್ಲ, ಸಂಬಂಧದ್ದು. ಯಾರೂ ಕೇಳದೆ ನೀವಾಗಿ ಮಗಳಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ಕೊಟ್ಟದ್ದರ ಪಟ್ಟಿ ಬರೆದು ಸಹಿ ಹಾಕಿಸಿಡಬೇಕೆಂದು 1985ರ ನಿಯಮ ಹೇಳುತ್ತದೆ. ಶುಭಕಾರ್ಯದಲ್ಲಿ ಇದೆಲ್ಲ ಯಾಕೆ ಅನ್ನಿಸಬಹುದು, ಆದರೂ ಬರೆದಿಡಿ. ವೈಶಾಖದಲ್ಲಿ ಹೋಗುವ ಮಂಚವನ್ನೂ ಅದರಲ್ಲಿ ಸೇರಿಸಿ.

ಹಲಗೆಯನ್ನೇ ಬೆಂಗಳೂರಿಗೆ ಸಾಗಿಸುವ ಯೋಚನೆ ಇದ್ದರೆ ಬೇಡ. ಮಂಚ ಊರಿನಲ್ಲೇ ಆಗಲಿ. ಲಾರಿ ಹತ್ತಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ, ನಿಮ್ಮ ಹಿತ್ತಲಿನದೇ ಮರ ಎಂಬ ಪಹಣಿ ತೋರಿಸಿ, ಪಾಸ್ ಬೇಕೇ ಎಂದು ಕೇಳಿಬಿಡಿ. ದಾರಿಯ ಚೆಕ್‌ಪೋಸ್ಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ಅದು ಮೇಲು.

ಮಗಳಿಗೆ ಇವತ್ತು ಫೋನ್ ಮಾಡಿದಾಗ ಮೂರು ಅಳತೆ ಕೇಳಿ: ಲಿಫ್ಟಿನ ಒಳಗಿನ ಎತ್ತರ, ಮೆಟ್ಟಿಲು ತಿರುಗುವಲ್ಲಿನ ಅಗಲ, ಅವಳು ಕೊಳ್ಳುವ ಹಾಸಿಗೆಯ ಉದ್ದ-ಅಗಲ. ಅಂಗಡಿಯ ಹಾಸಿಗೆ 72, 75, 78 ಅಂಗುಲ ಉದ್ದದಲ್ಲಿ ಬರುತ್ತದೆ, ಅಗಲ 60 ಅಥವಾ 72. ಮಂಚ ಮೊದಲು ಮಾಡಿಸಿ ಹಾಸಿಗೆ ಆಮೇಲೆ ಕೊಂಡವರು ಆ ಮೂರಂಗುಲದ ಸಂದಿಗೆ ಬಟ್ಟೆ ತುರುಕಿ ವರ್ಷಗಟ್ಟಲೆ ಮಲಗುತ್ತಾರೆ. ಹಾಸಿಗೆಯ ಅಳತೆ ಕೈಗೆ ಬರುವವರೆಗೆ ಆಚಾರ್ರು ಗರಗಸ ಮುಟ್ಟುವುದು ಬೇಡ.